‘ಮುತ್ತಿನ ಹಾರ’ ಮತ್ತು ಹತ್ತಕ್ಕೆ ನಾಲ್ಕು ಅಂಕ

ಶಿರಹಟ್ಟಿಯಲ್ಲಿ 1990–91ರಲ್ಲಿ ನನ್ನ ಬಳಿ ಹತ್ತನೆಯ ತರಗತಿ ಓದಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ವರ್ಷ ನಾವೆಲ್ಲ ಕೂಡಿ ಕೆಂಪು ಬಸ್ಸಿನಲ್ಲಿ ಗದಗಕ್ಕೆ ಹೋಗಿ ಸಿನಿಮಾ ನೋಡಿ ಬಂದದ್ದು ಅವರಿಗೆ ಮರೆತಿರಲಾರದು. ಆ ಸಿನಿಮಾ ‘ಮುತ್ತಿನ ಹಾರ’. ಮಕ್ಕಳನ್ನು ಸಿನಿಮಾಕ್ಕೆ ಕರೆದೊಯ್ಯುವುದು ಆಗಿನ ದಿನಗಳಲ್ಲಿ ಮಾಸ್ತರನಿಗೆ ಶೋಭಿಸುವ ಕೆಲಸವೆಂದು ಯಾರೂ ತಿಳಿಯುತ್ತಿರಲಿಲ್ಲ. ‘ದೇಶಭಕ್ತಿಯ ಚಿತ್ರ, ನೋಡಿ ಬಂದ ಮೇಲೆ ಪ್ರಬಂಧ ಬರೆಸುತ್ತೇನೆ’ ಎಂದು ಹೇಳಿ ಮುಖ್ಯೋಪಾಧ್ಯಾಯರನ್ನು ಒಪ್ಪಿಸಿದ್ದೆ. ಆ ಪ್ರಬಂಧಗಳ ಪೈಕಿ ಒಂದಕ್ಕೆ ನಾನು ಕೊಟ್ಟ ಅಂಕದ ವಿಷಯವನ್ನು ಇಂದು ಬರೆಯಬೇಕಾಗಿದೆ. ಅದಕ್ಕೆ ಮೊದಲು ಆ ಚಿತ್ರದ ಸಂಗೀತದ ಬಗ್ಗೆ ನಾಲ್ಕು ಮಾತು ಹೇಳಬೇಕು. ನಾನು ಎಡವಿದ್ದು ಅಲ್ಲಿಯೇ.

ಎಸ್.ವಿ. ರಾಜೇಂದ್ರಸಿಂಗ್ ಬಾಬು ನಿರ್ದೇಶಿಸಿದ ‘ಮುತ್ತಿನ ಹಾರ’ ತೆರೆಕಂಡದ್ದು 1990ರಲ್ಲಿ. ಕೊಡಗಿನ ಯೋಧ ಅಚ್ಚಪ್ಪನಾಗಿ ವಿಷ್ಣುವರ್ಧನ್, ಅವನ ಕೈಹಿಡಿಯುವ ದಾದಿ ಅನ್ನಪೂರ್ಣಳಾಗಿ ಸುಹಾಸಿನಿ. ಎರಡನೆಯ ಮಹಾಯುದ್ಧದ ಕಾಲದಿಂದ ಮೊದಲಾಗುವ ಕಥೆ ಸ್ವತಂತ್ರ ಭಾರತದ ಯುದ್ಧಗಳವರೆಗೆ ಬರುತ್ತದೆ. ಪ್ರತಿಯೊಂದು ಯುದ್ಧವೂ ಆ ಮನೆಯಿಂದ ಏನನ್ನಾದರೂ ಕಿತ್ತುಕೊಂಡೇ ಹೋಗುತ್ತದೆ. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಬಂದಿತು. ಅಲ್ಲಿಯವರೆಗೆ ನಮ್ಮ ತಲೆಮಾರಿನವರು ಕಂಡ ಯುದ್ಧವೆಂದರೆ ಕತ್ತಿ ಗುರಾಣಿಗಳ ಯುದ್ಧ: ‘ರಣಧೀರ ಕಂಠೀರವ’, ‘ಇಮ್ಮಡಿ ಪುಲಿಕೇಶಿ’, ‘ಮಯೂರ’. ಮೂರಕ್ಕೂ ಸಂಗೀತ ಕೊಟ್ಟವರು ಜಿ.ಕೆ. ವೆಂಕಟೇಶ್. ಅಲ್ಲಿ ಯುದ್ಧ ಮುಗಿದರೆ ಜಯಘೋಷ. ‘ಮುತ್ತಿನ ಹಾರ’ದಲ್ಲಿ ಯುದ್ಧ ಮುಗಿದ ಮೇಲೆ ಮನೆ ಉಳಿಯುತ್ತದೆ, ಮನೆಯಲ್ಲಿ ಹೆಂಗಸೊಬ್ಬಳು ಉಳಿಯುತ್ತಾಳೆ.

ಚಿತ್ರದ ಹಾಡುಗಳಿಗೆ ಮಾತು ಬರೆದವರೂ ಸ್ವರ ಹಾಕಿದವರೂ ಹಂಸಲೇಖ. ‘ಪ್ರೇಮಲೋಕ’ ಬಂದು ಆಗ ಮೂರೇ ವರ್ಷ. ಅವರಿಗೆ 39ರ ಹರೆಯ. ಕಾಲೇಜು ಹುಡುಗರ ಬಾಯಲ್ಲಿ ಕುಣಿಯುವ ಹಾಡು ಕಟ್ಟುವವರು ಎಂದೇ ನಾವು ಹಿರಿಯರು ಅವರನ್ನು ಸ್ವಲ್ಪ ದೂರ ಇಟ್ಟಿದ್ದೆವು. ಆ ಎಣಿಕೆಯನ್ನು ಸುಳ್ಳು ಮಾಡಿದ್ದು ಅವರು ಯೋಧನಿಗಾಗಿ ಆರಿಸಿಕೊಂಡ ದನಿ. ಅದು ಡಾ. ಎಂ. ಬಾಲಮುರಳಿಕೃಷ್ಣ ಅವರದು. ಅವರಿಗೆ ಆಗ 60 ವರ್ಷ. ‘ಹಂಸಗೀತೆ’ಯ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು, ಜಿ.ವಿ. ಅಯ್ಯರ್ ಅವರ ‘ಮಧ್ವಾಚಾರ್ಯ’ಕ್ಕೆ ಸಂಗೀತ ನೀಡಿ 1986ರ ರಾಷ್ಟ್ರಪ್ರಶಸ್ತಿಯನ್ನು ಸಂಗೀತ ನಿರ್ದೇಶಕರಾಗಿಯೂ ಪಡೆದವರು. ಅಂತಹ ಹಿರಿಯರು ಕಿರಿಯನೊಬ್ಬನ ಸ್ವರರಚನೆಗೆ ಕೊರಳು ಕೊಟ್ಟರು. ಬಾಳನ್ನು ಋತುಗಳ ಹಾರವಾಗಿ ಕಾಣುವ ಆ ಹಾಡಿನಲ್ಲಿ ಅವರ ಜೊತೆಗೆ ಚಿತ್ರಾ ಹಾಡಿದ್ದಾರೆ. ಗಂಡಸಿನ ದನಿ ಆಳದಲ್ಲಿ, ಅವಸರವಿಲ್ಲದೆ ನಡೆಯುತ್ತದೆ. ಹೆಣ್ಣಿನ ದನಿ ಅದರ ಮೇಲೆ ತೆಳುವಾಗಿ ಬಂದು ಕೂಡುತ್ತದೆ. ಯುದ್ಧದ ಚಿತ್ರವೊಂದರ ಹೃದಯದಲ್ಲಿ ಇಂತಹ ಹಾಡನ್ನು ಇಡಬೇಕೆಂದು ಹೊಳೆದದ್ದೇ ಆ ಸಂಗೀತದ ದೊಡ್ಡತನವೆಂದು ಈಗ ನನಗೆ ಅನ್ನಿಸುತ್ತದೆ. ಆಗ ಅನ್ನಿಸಿರಲಿಲ್ಲ.

ದೊಡ್ಡ ವಾದ್ಯವೃಂದ ಕೈಗೆ ಸಿಕ್ಕಾಗ ಸಂಗೀತಗಾರನ ಪರೀಕ್ಷೆ ನಡೆಯುವುದು ಇಲ್ಲಿಯೇ. ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ದುಡಿದು ಬೆಳೆದ ಇಳಯರಾಜಾ, ತಮ್ಮ 66ನೆಯ ವಯಸ್ಸಿನಲ್ಲಿ, 2009ರ ಮಲಯಾಳಂ ಚಿತ್ರ ‘ಪಳಶ್ಶಿ ರಾಜಾ’ಕ್ಕೆ ಹಂಗೆರಿಯ ವಾದ್ಯವೃಂದದಿಂದ ಹಿನ್ನೆಲೆ ಸಂಗೀತ ನುಡಿಸಿದರು, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂದಿತು. ವಯನಾಡಿನ ಕಾಡಿನಲ್ಲಿ ಇಂಗ್ಲಿಷರೊಡನೆ ಕಾದಿದ ಅರಸನ ಕಥೆ ಅದು. ತುತ್ತೂರಿ, ನಗಾರಿಗಳಿಂದ ಎದೆ ನಡುಗಿಸುವುದು ಕಷ್ಟದ ಕೆಲಸವೇನಲ್ಲ. ಕತ್ತಿ ಕೆಳಗೆ ಬಿದ್ದ ಮೇಲೆ ಏನು ನುಡಿಸಬೇಕು, ಎಷ್ಟು ನುಡಿಸಬೇಕು, ಯಾವಾಗ ಸುಮ್ಮನಾಗಬೇಕು ಎಂಬುದನ್ನು ಅರಿಯಲು ಬಹಳ ವರ್ಷ ಬೇಕಾಗುತ್ತವೆ. ಕೆಲವರಿಗೆ ಅದು ಬೇಗ ತಿಳಿಯುತ್ತದೆ. ಹಂಸಲೇಖರಿಗೆ 39ಕ್ಕೇ ತಿಳಿದಿತ್ತು.

ಗದುಗಿನವನಾದ ನನಗಂತೂ ಇದು ಮೊದಲೇ ತಿಳಿದಿರಬೇಕಾಗಿತ್ತು. ವೀರನಾರಾಯಣನ ಗುಡಿಯ ಕಂಬದ ಪಕ್ಕ ಕುಳಿತು ಕುಮಾರವ್ಯಾಸನು ಭಾರತವನ್ನು ಬರೆದನೆಂದು ನಂಬಿದ ಊರು ನಮ್ಮದು. ಚಿಕ್ಕಂದಿನಲ್ಲಿ ದ್ರೋಣಪರ್ವದ ವಾಚನವನ್ನು ಅಜ್ಜಿಯ ಮಗ್ಗುಲಲ್ಲಿ ಕುಳಿತು ಕೇಳಿದ್ದೇನೆ. ಹತ್ತೂ ಪರ್ವಗಳಿಗೆ ಒಂದೇ ಛಂದಸ್ಸು, ಭಾಮಿನೀ ಷಟ್ಪದಿ. ಅಭಿಮನ್ಯು ಚಕ್ರವ್ಯೂಹಕ್ಕೆ ನುಗ್ಗುವುದೂ ಅದರಲ್ಲಿಯೇ, ಅವನು ಬಿದ್ದ ಸುದ್ದಿ ಕೇಳಿ ತಂದೆ ಕುಸಿಯುವುದೂ ಅದರಲ್ಲಿಯೇ. ಗಮಕಿಗಳು ಅಭಿಮನ್ಯುವಿನ ಕಾಳಗವನ್ನು ಏರು ದನಿಯಲ್ಲಿ ಓದಿ, ಮುಂದಿನ ಪದ್ಯ ಎತ್ತಿಕೊಳ್ಳುವ ಮುನ್ನ ಒಂದು ಗಳಿಗೆ ಕಣ್ಣು ಮುಚ್ಚಿ ಸುಮ್ಮನಿರುತ್ತಿದ್ದರು. ಆ ಸುಮ್ಮನಿರುವಿಕೆಗೆ ಅಜ್ಜಿಯ ಕಣ್ಣಲ್ಲಿ ನೀರು ಬರುತ್ತಿತ್ತು. ಇದನ್ನೆಲ್ಲ ಕಂಡೂ ಮಾಸ್ತರನಾದ ಮೇಲೆ ಮಕ್ಕಳಿಗೆ ನಾನು ಕಲಿಸಿದ್ದು ಏರು ದನಿಯ ಭಾಗವನ್ನು ಮಾತ್ರ.

ಇನ್ನು ಪ್ರಬಂಧದ ಮಾತು. ‘ನಾನು ಮೆಚ್ಚಿದ ದೇಶಭಕ್ತಿಯ ಚಿತ್ರ’ ಎಂಬುದು ವಿಷಯ, ಹತ್ತು ಅಂಕ. ಬಹಳಷ್ಟು ಮಕ್ಕಳು ನಾನು ಬಯಸಿದ್ದನ್ನೇ ಬರೆದಿದ್ದರು: ವೀರಯೋಧ, ತ್ಯಾಗ, ತಾಯ್ನಾಡು, ಕೊನೆಗೆ ಜೈ ಹಿಂದ್. ಒಬ್ಬ ಹುಡುಗ ಮಾತ್ರ ಬೇರೆ ಬರೆದಿದ್ದ. ಅವನ ಹೆಸರು ಇಲ್ಲಿ ಬೇಡ; ಅವನು ನಿಮ್ಮ ಸಹಪಾಠಿ, ಊಹಿಸಿಕೊಂಡವರು ಮನಸ್ಸಿನಲ್ಲಿಯೇ ಇಟ್ಟುಕೊಳ್ಳಿ. ಮುಂಡರಗಿಯ ಕಡೆ, ಕಪ್ಪತಗುಡ್ಡದ ಸೆರಗಿನ ಹಳ್ಳಿಯವನು. ಶಿರಹಟ್ಟಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ. ಪ್ರಭಾತಫೇರಿಯಲ್ಲಿ ಡ್ರಮ್ಮು ಬಾರಿಸುವವನು ಅವನೇ. ಯುದ್ಧದ ಸದ್ದು ತನಗೆ ನೆನಪಿಲ್ಲವೆಂದೂ, ಆ ಹೆಂಗಸಿನ ದನಿ ಮಾತ್ರ ಬಸ್ಸಿನಲ್ಲಿ ಊರು ಮುಟ್ಟುವವರೆಗೆ ಕೇಳುತ್ತಿತ್ತೆಂದೂ, ತನ್ನ ಅವ್ವ ನಸುಕಿನಲ್ಲಿ ಬೀಸುವಾಗ ಹಾಡುವ ದನಿಯೂ ಹಾಗೆಯೇ ಇರುತ್ತದೆಂದೂ ಬರೆದಿದ್ದ. ಒಂದೂವರೆ ಪುಟದಲ್ಲಿ ದೇಶಭಕ್ತಿಯ ಮಾತು ಒಂದು ಕಡೆಯೂ ಇರಲಿಲ್ಲ. ನಾನು ಕೆಂಪು ಶಾಯಿಯಲ್ಲಿ ‘ವಿಷಯ ಬಿಟ್ಟು ಬರೆದಿರುವಿ’ ಎಂದು ಬರೆದು ಹತ್ತಕ್ಕೆ ನಾಲ್ಕು ಕೊಟ್ಟೆ. ಸಾಲದೆಂಬಂತೆ, ವಿಷಯಾಂತರ ಎಂದರೇನು ಎಂಬುದಕ್ಕೆ ಉದಾಹರಣೆಯಾಗಿ ಅದನ್ನು ತರಗತಿಯಲ್ಲಿ ಓದಿಯೂ ಹೇಳಿದೆ. ಹುಡುಗರು ನಕ್ಕರು. ಅವನೂ ನಕ್ಕ.

ಎರಡು ವರ್ಷದ ಮೇಲೆ ಅವನ ತಂದೆ ನನ್ನ ಮನೆಗೆ ಬಂದರು. ಬೆಳಗಾವಿಯ ಸೇನಾ ಭರತಿಯಲ್ಲಿ ಮಗ ಆಯ್ಕೆಯಾಗಿದ್ದ. ಹೊಸ್ತಿಲ ಹೊರಗೆ ಕುಳಿತು, ರುಮಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ‘ಗುರುಗಳ, ನೀವು ಒಂದ್ ಮಾತು ಹೇಳಿದ್ರ ಕೇಳತಾನ್ರಿ. ಬ್ಯಾಡ ಅನ್ರಿ. ಇರಾಂವ ಒಬ್ಬನ ಮಗ’ ಎಂದರು. ನಾನು ಆ ಹಿರಿಯರಿಗೆ ದೇಶಸೇವೆಯ ಮೇಲೆ ಭಾಷಣ ಮಾಡಿದೆ. ಮುಂಡರಗಿ ಭೀಮರಾಯರ ನಾಡಿನವರು ನೀವು, 1858ರಲ್ಲಿ ಕೊಪ್ಪಳದ ಕೋಟೆಯಲ್ಲಿ ಇಂಗ್ಲಿಷರೊಡನೆ ಕಾದಿ ಮಡಿದ ವೀರರ ಮಣ್ಣಿನವರು ಎಂದೆಲ್ಲ ಹೇಳಿದೆ. ಅವರು ತಲೆ ಆಡಿಸುತ್ತ ಕೇಳಿ, ಚಹಾ ಕುಡಿದು, ರುಮಾಲು ಸುತ್ತಿಕೊಂಡು ಹೊರಟುಹೋದರು. ಹುಡುಗ ಗದಗ ಜಂಕ್ಷನ್ನಿನಲ್ಲಿ ಕರಿಯ ಟ್ರಂಕು ಹಿಡಿದು ರೈಲು ಹತ್ತುವಾಗ ನಾನು ಹೋಗಿ ಹಾರ ಹಾಕಿ ಬಂದೆ. ಅವನ ತಾಯಿ ಅಂದು ಸ್ಟೇಶನ್ನಿಗೆ ಬಂದಿರಲಿಲ್ಲ.

ಅವನು ನಾಸಿಕ್ ರೋಡಿನ ತೋಪಖಾನೆ ತರಬೇತಿ ಕೇಂದ್ರದಲ್ಲಿ ಕಲಿತು ತೋಪಿನ ಜವಾನನಾದ. 1999ರ ಬೇಸಿಗೆಯಲ್ಲಿ ಕಾರ್ಗಿಲ್ ಯುದ್ಧ ನಡೆದಾಗ ಅವನ ರೆಜಿಮೆಂಟು ದ್ರಾಸ್ ಕಡೆ ಇತ್ತು. ಬೆಟ್ಟದ ತುದಿಯಲ್ಲಿದ್ದ ಶತ್ರುವಿನ ಮೇಲೆ ಕೆಳಗಿನಿಂದ 155 ಮಿಲಿಮೀಟರಿನ ಬೊಫೋರ್ಸ್ ತೋಪುಗಳು ಹಗಲೂ ರಾತ್ರಿ ಗುಂಡು ಹಾರಿಸಿದವು. ಆ ಯುದ್ಧದಲ್ಲಿ ನಮ್ಮ ತೋಪಖಾನೆ ಹಾರಿಸಿದ ಗುಂಡು, ರಾಕೆಟ್ಟುಗಳ ಲೆಕ್ಕ ಎರಡೂವರೆ ಲಕ್ಷ ಎನ್ನುತ್ತಾರೆ. ಪ್ರಾಣ ಕೊಟ್ಟ ನಮ್ಮ ಸೈನಿಕರು 527. ದಿನಪತ್ರಿಕೆಯಲ್ಲಿ ಹುತಾತ್ಮರ ಹೆಸರುಗಳ ಪಟ್ಟಿ ಬಂದಾಗ ನಾನು ಮೊದಲು ಕನ್ನಡಕ ಒರೆಸಿಕೊಳ್ಳುತ್ತಿದ್ದೆ, ಅನಂತರ ಬೆರಳಿಟ್ಟು ಓದುತ್ತಿದ್ದೆ. ರುಮಾಲನ್ನು ತೊಡೆಯ ಮೇಲಿಟ್ಟುಕೊಂಡ ಆ ಮುದುಕರ ಮುಖ ಆಗ ಕಣ್ಣ ಮುಂದೆ ಬರುತ್ತಿತ್ತು. ಹುಡುಗನ ಹೆಸರು ಪಟ್ಟಿಯಲ್ಲಿ ಬರಲಿಲ್ಲ. ಅವನು ಬದುಕಿ ಬಂದ. 2010ರಲ್ಲಿ ನಿವೃತ್ತನಾಗಿ, ಲಕ್ಷ್ಮೇಶ್ವರದ ಕನ್ಯೆಯನ್ನು ಮದುವೆಯಾಗಿದ್ದನಾದ್ದರಿಂದ, ಅಲ್ಲಿಯೇ ಮನೆ ಮಾಡಿದ. ದೇವರು ದೊಡ್ಡವನು, ಏನೂ ಆಗಲಿಲ್ಲ ಎಂದುಕೊಂಡು ನಾನು ನಿಶ್ಚಿಂತನಾದೆ.

ಹಂಸಲೇಖರು ನಮ್ಮ ಊರಿಗೆ ನಿಜವಾಗಿ ಹತ್ತಿರವಾದದ್ದು ‘ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರದಿಂದ, 1995ರಲ್ಲಿ. ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಮಹನೀಯರ ಕಥೆ. ಆ ಸಂಗೀತಕ್ಕಾಗಿ ಹಂಸಲೇಖರಿಗೂ, ಗಾಯನಕ್ಕಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂದಾಗ ಗದುಗಿನವರು ತಮ್ಮ ಮನೆಯ ಮಕ್ಕಳಿಗೇ ಬಂದಂತೆ ಸಂತೋಷಪಟ್ಟರು. ಕಣ್ಣಿಲ್ಲದ ಮಕ್ಕಳು ಕಿವಿಯನ್ನೇ ಕಣ್ಣು ಮಾಡಿಕೊಂಡು ಕಲಿಯುವ ಜಾಗ ಅದು. ಪುಟ್ಟರಾಜ ಗವಾಯಿಗಳು 2010ರ ಸೆಪ್ಟೆಂಬರಿನಲ್ಲಿ ಲಿಂಗೈಕ್ಯರಾದ ಮೇಲೂ ಆಶ್ರಮದಲ್ಲಿ ನಸುಕಿನಲ್ಲಿ ಹಾರ್ಮೋನಿಯಂ ದನಿ ನಿಂತಿಲ್ಲ.

ಒಮ್ಮೆ ಆ ಆಶ್ರಮದ ಸಂಗೀತ ಸೇವೆಯಲ್ಲಿಯೇ ನನ್ನ ಹಳೆಯ ಶಿಷ್ಯ ಕಂಡ. ಎಲ್ಲರೂ ಗಾಯಕರ ಎದುರು ಕುಳಿತಿದ್ದರೆ ಇವನು ಒಂದು ಬದಿಗೆ, ತಬಲಾದ ಡಗ್ಗಾಕ್ಕೆ ಹತ್ತಿರವಾಗಿ ಕುಳಿತಿದ್ದ. ನಾನು ಹಿಂದಿನಿಂದ ಎರಡು ಸಲ ಕೂಗಿದರೂ ತಿರುಗಲಿಲ್ಲ. ಹೆಗಲು ಮುಟ್ಟಿದ ಮೇಲೆ ಎದ್ದು ಕಾಲು ಮುಟ್ಟಿದ. ಬೆಟಗೇರಿಯ ನನ್ನ ಮನೆಗೆ ಕರೆತಂದೆ. ಮಾತಾಡುವಾಗ ಅವನು ನನ್ನ ಕಣ್ಣುಗಳ ಬದಲು ತುಟಿಗಳನ್ನು ನೋಡುತ್ತಿರುವುದು ಸ್ವಲ್ಪ ಹೊತ್ತಿನ ಮೇಲೆ ಗಮನಕ್ಕೆ ಬಂತು.

ವಿಷಯ ಹೀಗಿತ್ತು. ತೋಪಿನ ಪಕ್ಕದಲ್ಲಿ ನಿಂತವನ ಕಿವಿಗೆ ಬೀಳುವ ಸದ್ದು 140 ಡೆಸಿಬೆಲ್ಲಿಗಿಂತ ಹೆಚ್ಚು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಅಂಗವಿದೆ. ಅದರಲ್ಲಿ ಸುಮಾರು 15 ಸಾವಿರ ಸೂಕ್ಷ್ಮವಾದ ರೋಮಕೋಶಗಳಿವೆ. ಮೇಲಿನ ಸ್ವರಗಳನ್ನು ಹಿಡಿಯುವ ಕೋಶಗಳು ಸುರುಳಿಯ ಬಾಗಿಲಿನ ಕಡೆಗಿವೆ, ಕೆಳಗಿನ ಸ್ವರಗಳವು ಒಳತುದಿಯಲ್ಲಿವೆ. ಭಾರಿ ಸದ್ದಿನ ಏಟಿಗೆ ಸಾಮಾನ್ಯವಾಗಿ ಮೊದಲು ಸಾಯುವುವು ಬಾಗಿಲಿನ ಕಡೆಯವು. ಮನುಷ್ಯರಲ್ಲಿ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹುಬ್ಬಳ್ಳಿಯಲ್ಲಿ ಮಾಡಿಸಿದ ಶ್ರವಣ ಪರೀಕ್ಷೆಯ ನಕ್ಷೆಯನ್ನು ಅವನು ತೋರಿಸಿದ. ಗೆರೆ ಅರ್ಧದವರೆಗೆ ಹೊಲದಂತೆ ಸಮನಾಗಿ ಬಂದು, ಅಲ್ಲಿಂದ ಗುಡ್ಡದ ಕೊರಕಲಿನಂತೆ ಇಳಿದುಹೋಗಿತ್ತು. ಡಗ್ಗಾ ಕೇಳುತ್ತದೆ, ಪಿಟೀಲಿನ ಮೇಲಿನ ತಂತಿ ಕೇಳುವುದಿಲ್ಲ. ಗಂಡಸರ ಮಾತು ತಿಳಿಯುತ್ತದೆ. ಹೆಂಗಸರದೂ ಮಕ್ಕಳದೂ ಕಲಸಿಹೋಗುತ್ತದೆ. ಸಕಾರ, ಶಕಾರ, ಚಕಾರಗಳು ಉದುರಿಹೋಗುತ್ತವೆ. ಮಗಳು ‘ಸಾಲಿ’ ಎಂದರೆ ಅವನಿಗೆ ‘ಆಲಿ’ ಎಂದು ಕೇಳುತ್ತದೆ. ಶ್ರವಣಯಂತ್ರವಿದೆ, ನಾಲ್ಕು ಜನ ಕೂಡಿದಲ್ಲಿ ಅದು ಎಲ್ಲ ಸದ್ದನ್ನೂ ದೊಡ್ಡದು ಮಾಡುವುದರಿಂದ ಡಬ್ಬಿಯಲ್ಲಿಯೇ ಉಳಿಯುತ್ತದೆ.

ನಾನು ಏನು ಹೇಳಬೇಕೆಂದು ತಿಳಿಯದೆ, ಮಗ ಕೊಡಿಸಿದ ಮೊಬೈಲಿನಲ್ಲಿ ‘ಮುತ್ತಿನ ಹಾರ’ದ ಆ ಹಾಡನ್ನು ಹಚ್ಚಿದೆ. ಬಾಲಮುರಳಿಯವರು ಹಾಡತೊಡಗಿದಾಗ ಅವನ ಮುಖ ಅರಳಿತು, ಬೆರಳು ಮೇಜಿನ ಮೇಲೆ ತಾಳ ಹಾಕಿತು. ಚಿತ್ರಾ ದನಿಗೂಡಿಸಿದಾಗ ಬೆರಳು ನಿಂತಿತು. ಮೊಬೈಲನ್ನು ಕಿವಿಗೆ ಒತ್ತಿ ಹಿಡಿದು ಸ್ವಲ್ಪ ಹೊತ್ತು ಕೇಳಿ, ಮೇಜಿನ ಮೇಲೆ ಇಟ್ಟ.

‘ಅಚ್ಚಪ್ಪಂದು ಕೇಳಸ್ತೈತ್ರಿ ಸರ್. ಅನ್ನಪೂರ್ಣಂದು ಕೇಳಸಂಗಿಲ್ರಿ. ಗಾಳಿ ಬಂದಂಗ ಆಕ್ಕೈತಿ ಅಷ್ಟ.’

ಮೂವತ್ತು ವರ್ಷಗಳ ಹಿಂದೆ ತರಗತಿಯಲ್ಲಿ ನಲವತ್ತು ಮಕ್ಕಳ ನಡುವೆ ಆ ದನಿಯನ್ನು ಕೇಳಿಸಿಕೊಂಡವನು ಅವನೊಬ್ಬನೇ. ಕೇಳಿಸಿಕೊಂಡದ್ದಕ್ಕೆ ನಾಲ್ಕು ಅಂಕ ಕೊಟ್ಟು, ಕೇಳಿಸಿಕೊಳ್ಳದವರಿಗೆ ಎಂಟು ಕೊಟ್ಟವನು ನಾನು. ಅವನ ತಂದೆಯ ಮಾತನ್ನೂ ನಾನು ಕೇಳಿಸಿಕೊಂಡಿರಲಿಲ್ಲ. ಸೇನೆಗೆ ಹೋದದ್ದು ತಪ್ಪೆಂದು ನಾನು ಹೇಳುತ್ತಿಲ್ಲ; ಅವನೂ ಹಾಗೆ ಹೇಳುವುದಿಲ್ಲ, ತನ್ನ ರೆಜಿಮೆಂಟಿನ ಬಗ್ಗೆ ಅವನಿಗೆ ಅಭಿಮಾನವಿದೆ. ಆದರೆ ಹೋಗುವವನಿಗೂ ಕಳಿಸುವವರಿಗೂ ಆ ಚಿತ್ರದ ಎರಡು ದನಿಗಳನ್ನೂ ಕೇಳಿಸಬೇಕಾದದ್ದು ಮಾಸ್ತರನ ಕೆಲಸವಾಗಿತ್ತು. ಹಂಸಲೇಖರು ಎರಡನ್ನೂ ಒಂದೇ ಹಾಡಿನಲ್ಲಿ ಇಟ್ಟುಕೊಟ್ಟಿದ್ದರು. ನಾನು ಒಂದನ್ನೇ ಪಾಠ ಮಾಡಿದೆ.

ಹಳೆಯ ಪ್ರಬಂಧದ ಸುದ್ದಿ ತೆಗೆದು, ತಪ್ಪಾಯಿತಪ್ಪಾ ಎಂದೆ. ಅವನಿಗೆ ಅದು ನೆನಪೇ ಇರಲಿಲ್ಲ. ನನ್ನ ತುಟಿ ನೋಡುತ್ತ ಎರಡು ಸಲ ಕೇಳಿ ತಿಳಿದುಕೊಂಡು, ‘ಹೋಗ್ಲಿ ಬಿಡ್ರಿ ಸರ್, ಕನ್ನಡದಾಗ ನನಗ ಯಾವತ್ತೂ ನಾಕ ಬರತಿದ್ವು’ ಎಂದು ನಕ್ಕ. ಅದೇ ನಗು.

ಆಮೇಲೆ ನಾನು ನನಗೆ ಗೊತ್ತಿರುವ ಒಂದೇ ಕೆಲಸ ಮಾಡಿದೆ. ಗೆರೆ ಹಾಕಿದ ಹಾಳೆ ತೆಗೆದುಕೊಂಡು, ಹಾಡನ್ನು ಅಲ್ಲಲ್ಲಿ ನಿಲ್ಲಿಸಿ ನಿಲ್ಲಿಸಿ, ಚಿತ್ರಾ ಹಾಡುವ ಮಾತುಗಳನ್ನು ದೊಡ್ಡಕ್ಷರದಲ್ಲಿ ಬರೆದೆ. ಜೀವಮಾನವೆಲ್ಲ ಮಕ್ಕಳಿಗೆ ಉಕ್ತಲೇಖನ ಕೊಟ್ಟವನು ಅಂದು ಉಕ್ತಲೇಖನ ತೆಗೆದುಕೊಂಡೆ. ನನಗೂ ಈಗ ಕಿವಿ ಮೊದಲಿನಂತಿಲ್ಲ. ಕೆಲವು ಪದಗಳಿಗೆ ಮೂರು ಸಲ ಹಿಂದೆ ಹೋಗಬೇಕಾಯಿತು. ಮುಗಿದ ಮೇಲೆ ಹಾಡನ್ನು ಮೊದಲಿನಿಂದ ಹಚ್ಚಿದೆವು. ಹೆಣ್ಣಿನ ದನಿ ಬರುವಲ್ಲಿ ನಾನು ಹಾಳೆಯ ಮೇಲೆ ಬೆರಳು ಸರಿಸುತ್ತ ಹೋದೆ. ಅವನು ಅದನ್ನು ಹಿಂಬಾಲಿಸಿ ತುಟಿ ಆಡಿಸುತ್ತ ಓದಿದ. ಒಳಗೆ ಅಡುಗೆಮನೆಯಲ್ಲಿ ನನ್ನಾಕೆ ಒಗ್ಗರಣೆ ಹಾಕುವುದನ್ನು ನಿಲ್ಲಿಸಿ ಬಾಗಿಲಿಗೆ ಬಂದು ನಿಂತಿದ್ದಳು.

ಹಾಳೆಯನ್ನು ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುವಾಗ ಅವನ ಕಣ್ಣು ಎಡಗಡೆಯ ಅಂಚಿಗೆ ಬಿತ್ತು. ಅಭ್ಯಾಸಬಲದಿಂದ ನಾನು ಅಲ್ಲಿ ಅಂಕ ಹಾಕುವುದಕ್ಕೆಂದು ಗೆರೆ ಎಳೆದುಬಿಟ್ಟಿದ್ದೆ. ‘ಇದಕ್ಕ ಎಷ್ಟು ಕೊಡೂದ್ರಿ ಸರ್?’ ಎಂದ. ನೀನೇ ಹೇಳಪ್ಪಾ ಎಂದೆ. ‘ನನಗ ಹ್ಯಾಂಗ ಗೊತ್ತಾಕ್ಕೈತ್ರಿ? ಆಕೀ ಕಡೆ ತಿದ್ದಸ್ತೇನ್ರಿ’ ಎಂದು ಲಕ್ಷ್ಮೇಶ್ವರದ ಬಸ್ಸು ಹತ್ತಿದ.

ಮೂರನೆಯ ದಿನ ಅವನ ಮನೆಯಾಕೆಯ ಫೋನು ಬಂತು. ‘ಅಜ್ಜಾರ, ಹಾಡು ಹಚ್ಚಿ ಹಾಳಿ ನೋಡಿದ್ವಿರಿ. ಎರಡು ಕಡೆ ತಪ್ಪು ಬರದೀರಿ’ ಎಂದು ಹೇಳಿ, ಸರಿಯಾದ ಪದಗಳನ್ನು ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಅವನೊಡನೆ ಮಾತಾಡಿ ಮಾತಾಡಿ ರೂಢಿಯಾದ ನಿಧಾನ ಅದು. ನಾನು ಪೆನ್ನು ತೆಗೆದುಕೊಂಡು ಬರೆದುಕೊಂಡೆ. ಎಂಟು ಅಂಕ ಕೊಟ್ಟಿದ್ದಾಳಂತೆ.